ಬಾನೆಟ್ ಮೇಲಿನ ಕೆಂಪು ಚುಕ್ಕೆ: ಧೂಳೋ, ತುಕ್ಕೋ?

ಪ್ರಶ್ನೆ: ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತೇನೆ. ಮೂರು ವರ್ಷದ ಸಿಲ್ವರ್ ಬಣ್ಣದ ಕಾರು. ಅದಿರು ಲಾರಿಗಳ ಹಿಂದೆ ಓಡಾಡಿ ಬಾನೆಟ್ ಮೇಲೆ 14 ಕಡೆ ಬಣ್ಣ ಚಕ್ಕೆ ಎದ್ದಿದೆ. ಎಲ್ಲವೂ ಸಾಸಿವೆ ಕಾಳಿನಿಂದ ಹೆಸರುಕಾಳಿನಷ್ಟು ದೊಡ್ಡವು. ಐದಾರು ಚುಕ್ಕೆಗಳು ಕೆಂಪಗೆ ಕಾಣುತ್ತಿವೆ. ಮುಂದಿನ ಬಂಪರ್ ಮೇಲೂ ಕೆಲವು ಇವೆ. ಗ್ಯಾರೇಜಿನಲ್ಲಿ ಕೇಳಿದರೆ ಇಡೀ ಬಾನೆಟ್ ಪೇಂಟ್ ಮಾಡಿಸಿ ಎನ್ನುತ್ತಾರೆ. ಮನೆಯಲ್ಲೇ ಸರಿ ಮಾಡಿಕೊಳ್ಳಬಹುದಾ? ಆಯುಧ ಪೂಜೆಗೆ ಇನ್ನೂ ಎರಡು ತಿಂಗಳಿದೆ. ಅಷ್ಟರೊಳಗೆ ಮುಗಿಯುತ್ತದಾ?

ಉತ್ತರ: ಮನೆಯಲ್ಲೇ ಮಾಡಬಹುದು, ಎರಡು ತಿಂಗಳು ಧಾರಾಳ ಸಾಕು. ಇಡೀ ಬಾನೆಟ್ ಪೇಂಟ್ ಮಾಡಿಸುವುದು ಬೇಡ. ಅದು ಯಾಕೆ ಬೇಡ ಅಂತ ಆಮೇಲೆ ಹೇಳುತ್ತೇನೆ. ಬಣ್ಣದ ಬಾಟಲಿ ಕೊಳ್ಳಲು ಅಂಗಡಿಗೆ ಹೋಗುವ ಮೊದಲು ಒಂದು ಕೆಲಸವಿದೆ. ಆ ಐದಾರು ಕೆಂಪು ಚುಕ್ಕೆಗಳಲ್ಲಿ ನಿಜವಾಗಿ ತುಕ್ಕು ಹಿಡಿದಿರುವುದು ಎಷ್ಟು ಅಂತ ನೋಡಬೇಕು.

ಬೇರೆ ಊರಿನವರಿಗೆ ಈ ತಲೆನೋವು ಇಲ್ಲ. ಅವರ ಕಾರಿನ ಮೇಲೆ ಕೆಂಪು ಕಂಡರೆ ಅದು ಬಹುತೇಕ ತುಕ್ಕೇ. ನಮ್ಮಲ್ಲಿ ಹಾಗಲ್ಲ. ಬಳ್ಳಾರಿ, ಸಂಡೂರು, ಹೊಸಪೇಟೆ ಸುತ್ತ ಕಾರಿನ ಮೇಲೆ ಮೂರು ಥರದ ಕೆಂಪು ಕೂರುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದು ಬರೀ ಅದಿರಿನ ಧೂಳು. ನಮ್ಮ ಭಾಗದ ಅದಿರು ಬಹುಪಾಲು ಹೆಮಟೈಟ್. ಅಂದರೆ ಕಬ್ಬಿಣದ ಆಕ್ಸೈಡ್. ಆಗಲೇ ತುಕ್ಕು ಹಿಡಿದು ಮುಗಿದಿರುವ ಕಬ್ಬಿಣ ಅನ್ನಬಹುದು. ಅದು ಇನ್ನು ತುಕ್ಕು ಹಿಡಿಯುವುದಿಲ್ಲ, ತಗಡನ್ನು ತಿನ್ನುವುದೂ ಇಲ್ಲ. ಆದರೆ ಚಕ್ಕೆ ಎದ್ದ ಗುಳಿಯಲ್ಲಿ ಹೋಗಿ ಕೂತರೆ ಥೇಟ್ ತುಕ್ಕಿನ ಹಾಗೇ ಕಾಣುತ್ತದೆ. ತೊಳೆದರೆ ಹೋಗುತ್ತದೆ. ಅದರ ಕೆಟ್ಟ ಗುಣ ಬೇರೆ. ಆ ಪುಡಿ ಕಾರಿನ ಮೇಲ್ಪದರಕ್ಕಿಂತ ಗಟ್ಟಿ. ಬೆಳಿಗ್ಗೆ ಎದ್ದು ಒಣ ಬಟ್ಟೆಯಲ್ಲಿ ಬಾನೆಟ್ ಒರೆಸುತ್ತೀರಲ್ಲ, ಅದು ಮರಳು ಹಾಕಿ ಉಜ್ಜಿದ ಹಾಗೆ. ಸಿಲ್ವರ್ ಕಾರಾದ್ದರಿಂದ ನಿಮಗೆ ಗೀರು ಕಾಣುತ್ತಿಲ್ಲ ಅಷ್ಟೇ. ಕಪ್ಪು ಕಾರಿನವರನ್ನು ಕೇಳಿ, ಅಳುತ್ತಾರೆ.

ಎರಡನೆಯದು ಲೋಹದ ಕಬ್ಬಿಣದ ಸಣ್ಣ ಕಣ. ಉಕ್ಕಿನ ಮತ್ತು ಸ್ಪಾಂಜ್ ಐರನ್ ಕಾರ್ಖಾನೆಗಳ ಸುತ್ತ ಇದು ಗಾಳಿಯಲ್ಲಿ ಹಾರಿ ಬರುತ್ತದೆ. ಬ್ರೇಕ್ ಸವೆದ ಪುಡಿ, ವೆಲ್ಡಿಂಗ್ ಅಂಗಡಿಯ ಕಿಡಿ, ರೈಲು ಹಳಿಯ ಪುಡಿ ಎಲ್ಲ ಇದೇ ಜಾತಿ. ಬಣ್ಣದ ಮೇಲೆ ಬಿದ್ದು, ನೀರು ತಾಗಿ, ಅಲ್ಲೇ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಸೂಜಿಮೊನೆಯಷ್ಟು ಕಿತ್ತಳೆ ಚುಕ್ಕೆ. ಕೆಳಗೆ ಗುಳಿ ಇರುವುದಿಲ್ಲ. ತುಕ್ಕು ಹಿಡಿದಿರುವುದು ಆ ಕಣ, ನಿಮ್ಮ ಕಾರಲ್ಲ. ಕೊಪ್ಪಳ–ಗಿಣಿಗೇರಾ ಕಡೆಯಿಂದ ಬರುವ ಕಾರುಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಹೊಸ ಕಾರಿಗೇ ತುಕ್ಕು ಬಂತು ಅಂತ ಗಾಬರಿಯಾಗಿ ಬಂದಿರುತ್ತಾರೆ.

ಮೂರನೆಯದು ನಿಜವಾದ ಜಂಗು. ಕಲ್ಲು ಬಡಿದು ಬಣ್ಣ ಎದ್ದು, ತಗಡು ಬರಿದಾಗಿ, ಮಳೆ ಕಂಡು ತುಕ್ಕು ಹಿಡಿದಿರುವುದು.

ಪರೀಕ್ಷೆ ಹೀಗೆ ಮಾಡಿ. ಮೊದಲು ಬಾನೆಟ್ ಮೇಲೆ ಸುಮ್ನೆ ನೀರು ಸುರಿದು ಧೂಳು ಇಳಿಸಿ, ಕೈ ಹಾಕಬೇಡಿ. ಆಮೇಲೆ ಕಾರ್ ಶಾಂಪೂ ಹಾಕಿ ತೊಳೆಯಿರಿ. ಹಳೇ ಮೆತ್ತನೆ ಟೂತ್‌ಬ್ರಶ್‌ನಿಂದ ಪ್ರತಿ ಚಕ್ಕೆಯ ಗುಳಿಯನ್ನೂ ಮೆಲ್ಲಗೆ ಉಜ್ಜಿ, ಮತ್ತೆ ನೀರು ಹಾಕಿ. ಬೋರಿನ ನೀರಾದರೆ ಒಣಗಲು ಬಿಡದೆ ತಕ್ಷಣ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ನಮ್ಮ ಕಡೆಯ ಬೋರಿನ ನೀರು ಎಷ್ಟು ಗಡಸು ಅಂತ ನಿಮಗೇ ಗೊತ್ತು, ಬಿಳಿ ಕಲೆ ಬಿಡುತ್ತದೆ. ಈಗ ಕೈಗೆ ತೆಳ್ಳನೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ. ಬರಿಗೈಗೆ ಗೊತ್ತಾಗದ ತರಿ ಕವರ್ ಹಾಕಿದ ಬೆರಳಿಗೆ ಗೊತ್ತಾಗುತ್ತದೆ. ತರಿತರಿ ಸಿಕ್ಕಿದರೆ ಅದು ಎರಡನೇ ಜಾತಿಯ ಕಣ. ಕಾರ್ ಆಕ್ಸೆಸರಿ ಅಂಗಡಿಯಲ್ಲಿ ಕ್ಲೇ ಬಾರ್ ಅಂತ ಸಿಗುತ್ತದೆ, ಮಕ್ಕಳು ಆಡುವ ಜೇಡಿಯಂಥ ವಸ್ತು. ಶಾಂಪೂ ನೀರು ಚಿಮುಕಿಸಿಕೊಂಡು ಅದನ್ನು ಒತ್ತಡವಿಲ್ಲದೆ ಆಡಿಸಿದರೆ ಕಣಗಳು ಅದಕ್ಕೆ ಹತ್ತಿಕೊಂಡು ಬರುತ್ತವೆ. ಕೆಳಗೆ ಬಿದ್ದ ಕ್ಲೇ ಮಾತ್ರ ವಾಪಸ್ ಬಳಸಬೇಡಿ.

ತೊಳೆದ ಮೇಲೂ ಗುಳಿಯೊಳಗೆ ಕೆಂಪು ಉಳಿದಿದ್ದರೆ, ಅಂಚಿನ ಬಣ್ಣ ಸ್ವಲ್ಪ ಉಬ್ಬಿದ್ದರೆ, ಅದು ಜಂಗು. ನನ್ನ ಅಂದಾಜಿನಲ್ಲಿ ನಿಮ್ಮ ಐದಾರರಲ್ಲಿ ಎರಡೋ ಮೂರೋ ಮಾತ್ರ ಹಾಗೆ ಉಳಿಯುತ್ತವೆ. ಅವೇ ಮುಖ್ಯ. ಉಳಿದವುಗಳಿಗೆ ಅವಸರವಿಲ್ಲ.

ಈಗ ಬಾನೆಟ್ ಪೂರ್ತಿ ಪೇಂಟ್ ಯಾಕೆ ಬೇಡ ಅನ್ನುವ ಮಾತು. ಕಂಪನಿಯಿಂದ ಬಂದ ಬಣ್ಣ ಒಂದೇ ಪದರ ಅಲ್ಲ. ತಗಡಿನ ಮೇಲೆ ಫಾಸ್ಫೇಟ್, ಅದರ ಮೇಲೆ ಇಡೀ ಬಾಡಿಯನ್ನೇ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸಿ ಕೂರಿಸುವ ಇ-ಕೋಟ್, ಆಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಗಾಜಿನಂಥ ಕ್ಲಿಯರ್ ಕೋಟ್. ಇಷ್ಟೆಲ್ಲ ಸೇರಿ ಸುಮಾರು 100ರಿಂದ 140 ಮೈಕ್ರಾನ್ ದಪ್ಪ. ಎರಡು ತಲೆಕೂದಲು ಒಂದರ ಮೇಲೊಂದು ಇಟ್ಟಷ್ಟು. ತುಕ್ಕು ತಡೆಯುವ ನಿಜವಾದ ಕಾವಲುಗಾರ ಆ ಇ-ಕೋಟ್. ಅದನ್ನು ಕಾರ್ಖಾನೆಯಲ್ಲಿ ಸುಮಾರು 160ರಿಂದ 180 ಡಿಗ್ರಿ ಒಲೆಯಲ್ಲಿ ಬೇಯಿಸಿರುತ್ತಾರೆ. ನಮ್ಮಂಥ ಗ್ಯಾರೇಜಿನ ಬೂತ್‌ನಲ್ಲಿ 60 ಡಿಗ್ರಿ ಆಸುಪಾಸು ಕಾಯಿಸುತ್ತೇವೆ. ಅದಕ್ಕಿಂತ ಜಾಸ್ತಿ ಕಾಯಿಸಿದರೆ ಕಾರಿನ ಪ್ಲಾಸ್ಟಿಕ್, ವೈರಿಂಗ್ ಎಲ್ಲ ಏನಾಗಬೇಕು? ನಾನು ಪೇಂಟರ್. ಬಾನೆಟ್ ಪೇಂಟ್ ಮಾಡಿಸಿ ಅಂದರೆ ನನಗೇ ಲಾಭ. ಆದರೂ ಹೇಳುತ್ತೇನೆ, 14 ಚಕ್ಕೆಗಾಗಿ ಇಡೀ ಬಾನೆಟ್‌ನ ಕಂಪನಿ ಬಣ್ಣವನ್ನು ಉಜ್ಜಿ ಹಾಕುವುದು ನಷ್ಟದ ವ್ಯಾಪಾರ. ಸಿಲ್ವರ್‌ನಲ್ಲಿ ಇನ್ನೊಂದು ಕಷ್ಟ. ಬಾನೆಟ್ ಒಂದು ಛಾಯೆ, ಪಕ್ಕದ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಒಂದು ಛಾಯೆ ಆಗುತ್ತದೆ. ಅದನ್ನು ಸರಿದೂಗಿಸಲು ಎರಡೂ ಫೆಂಡರ್‌ಗೆ ಬಣ್ಣ ಹಾಯಿಸಬೇಕು. ಅಲ್ಲಿಗೆ ಒಂದು ಹೋಗಿ ಮೂರಾಯಿತು.

ಇನ್ಶೂರೆನ್ಸ್‌ನಲ್ಲಿ ಮಾಡಿಸುತ್ತೇನೆ ಅಂತಲೂ ಹೊರಡಬೇಡಿ. ಮೂರು ವರ್ಷ ಕ್ಲೇಮ್ ಮಾಡದೇ ಇದ್ದರೆ ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ (ನಿಮ್ಮದೇ ಕಾರಿನ ಹಾನಿಗೆ ಕಟ್ಟುವ ಭಾಗ) ಮೇಲೆ 35 ಶೇಕಡಾ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಬಂದಿರುತ್ತದೆ, ಐದು ವರ್ಷಕ್ಕೆ 50 ಆಗುತ್ತದೆ. ಚಕ್ಕೆಗೋಸ್ಕರ ಅದನ್ನು ಕಳೆದುಕೊಳ್ಳುವುದು ಬೇಡ.

ಒಂದು ವಿಷಯಕ್ಕೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮನೆಯಲ್ಲಿ ಮಾಡಿದ ಚಕ್ಕೆ ಕೆಲಸ ಮಾಯವಾಗುವುದಿಲ್ಲ. ಬಗ್ಗಿ ನೋಡಿದರೆ ಕಾಣುತ್ತದೆ. ಮೂರು ಅಡಿ ದೂರದಿಂದ ಕಾಣದಿದ್ದರೆ ಗೆದ್ದಿರಿ. ನಾವು ಮಾಡುತ್ತಿರುವುದು ತಗಡಿಗೆ ನೀರು ಮುಟ್ಟದ ಹಾಗೆ ಬಾಯಿ ಮುಚ್ಚುವ ಕೆಲಸ. ಅಂದ ಅದರ ಜೊತೆಗೆ ಬಂದಷ್ಟು ಬಂತು.

ಈ ಮಾತು ನಾನು ಪೆಟ್ಟು ತಿಂದು ಕಲಿತದ್ದು. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಬ್ಬರು ಬಿಳಿ ಕಾರು ತಂದಿದ್ದರು, ಬಾನೆಟ್ ತುದಿಯಲ್ಲಿ ನಾಲ್ಕು ಚಕ್ಕೆ. ಬಣ್ಣ ಅಷ್ಟು ಚೆನ್ನಾಗಿ ಹೊಂದಿತ್ತು ಅಂದರೆ ಎಲ್ಲಿ ಮಾಡಿದ್ದು ಅಂತ ನನಗೇ ಹುಡುಕಬೇಕಾಯಿತು. ಬೀಗಿಬಿಟ್ಟೆ. ಗುಳಿಯೊಳಗೆ ಕಡ್ಡಿಮೊನೆಯಷ್ಟು ಜಂಗು ಇತ್ತು, ಮೇಲೆ ಬಣ್ಣ ಬಿದ್ದರೆ ಉಸಿರು ಕಟ್ಟಿ ಸಾಯುತ್ತದೆ ಅಂದುಕೊಂಡೆ. ಮಳೆಗಾಲ ಕಳೆದ ಮೇಲೆ ಅದೇ ಕಾರು ಬಂತು. ನಾಲ್ಕರಲ್ಲಿ ಎರಡು ಕಡೆ ಬಣ್ಣ ಮೊಡವೆ ಎದ್ದ ಹಾಗೆ ಉಬ್ಬಿತ್ತು. ಉಗುರಿನಿಂದ ಒತ್ತಿದೆ, ಪಟ್ ಅಂತ ಒಡೆದು ಕಂದು ಪುಡಿ ಉದುರಿತು. ಒಳಗೆ ನಾಲ್ಕಾಣೆ ಅಗಲ ತಗಡು ತಿಂದಿತ್ತು. ಆ ಪುಣ್ಯಾತ್ಮರು ಬೈಯಲಿಲ್ಲ, "ಮೇಸ್ತ್ರಿ, ಇದೇನ್ರೀ ಹಿಂಗಾತು?" ಅಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಇನ್ನು ಕೆಲಸಕ್ಕೆ ಬರೋಣ.

ಬಣ್ಣ ಕೊಳ್ಳುವಾಗ "ಸಿಲ್ವರ್ ಕೊಡಿ" ಅನ್ನಬೇಡಿ. ಒಂದೇ ಕಂಪನಿಯ ಎರಡು ಸಿಲ್ವರ್ ಒಂದೇ ಥರ ಇರುವುದಿಲ್ಲ. ಕಾರಿನ ಮೇಲೆ ಬಣ್ಣದ ಕೋಡ್ ಬರೆದಿರುತ್ತದೆ. ಮುಂದಿನ ಬಾಗಿಲು ತೆಗೆದರೆ ಕಂಬದ ಮೇಲಿನ ಸ್ಟಿಕ್ಕರ್‌ನಲ್ಲಿ, ಇಲ್ಲವೇ ಬಾನೆಟ್ ಎತ್ತಿದರೆ ಒಳಗಿನ ಪ್ಲೇಟ್‌ನಲ್ಲಿ. ಎರಡು-ಮೂರು ಅಕ್ಷರ, ಅಂಕಿ ಸೇರಿದ ಸಣ್ಣ ಕೋಡ್. ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ. ಕಂಪನಿ ಸ್ಪೇರ್ ಪಾರ್ಟ್ಸ್ ಕೌಂಟರ್‌ನಲ್ಲಿ ಆ ಕೋಡಿನ ಟಚ್-ಅಪ್ ಬಾಟಲಿ ಸಿಕ್ಕರೆ ಒಳ್ಳೆಯದು, ಮುಚ್ಚಳದಲ್ಲೇ ಬ್ರಶ್ ಇರುತ್ತದೆ. ಸಿಗದಿದ್ದರೆ ಊರಿನ ಆಟೋ ಪೇಂಟ್ ಅಂಗಡಿಯಲ್ಲಿ ಕೋಡ್ ಹೇಳಿದರೆ ತಕ್ಕಡಿಯ ಮೇಲೆ ಹನಿ ಹನಿ ತೂಗಿ ಕಲಸಿಕೊಡುತ್ತಾರೆ. 100 ಎಂಎಲ್ ನಿಮಗೆ ಜನ್ಮಕ್ಕೆ ಸಾಕು.

ಅದರ ಜೊತೆ ಸಣ್ಣ ಬಾಟಲಿ ಪ್ರೈಮರ್, ಟಚ್-ಅಪ್ ಕ್ಲಿಯರ್, ರಸ್ಟ್ ಕನ್ವರ್ಟರ್, 400 ಮತ್ತು 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಒಂದೊಂದು ಹಾಳೆ, ರಬ್ಬಿಂಗ್ ಕಾಂಪೌಂಡ್, ಮಾಸ್ಕಿಂಗ್ ಟೇಪ್. ಮೆಡಿಕಲ್ ಶಾಪಿನಿಂದ ಐಸೊಪ್ರೊಪೈಲ್ ಆಲ್ಕೋಹಾಲ್. ಮನೆಯಲ್ಲಿ ಹಲ್ಲುಕಡ್ಡಿ ಇದ್ದೇ ಇರುತ್ತದೆ. ಅಂಗಡಿಯವರು ಹಾರ್ಡನರ್ ಬೆರೆಸುವ ಟೂಕೆ ಕ್ಲಿಯರ್ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಅದು ಗಟ್ಟಿ ಮಾಲೇ, ಸುಳ್ಳಲ್ಲ. ಆದರೆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಸ್ಪ್ರೇ ಮಾಡಿದರೆ ಪುಪ್ಪುಸಕ್ಕೆ ವಿಷ. ನಾವು ಅದಕ್ಕೆಂದೇ ಮಾಸ್ಕ್ ಹಾಕಿಕೊಂಡು ಹೊಡೆಯುತ್ತೇವೆ. ಮನೆಯ ಪೋರ್ಟಿಕೋದಲ್ಲಿ ಮಕ್ಕಳ ಮಧ್ಯೆ ಅದು ಬೇಡವೇ ಬೇಡ.

ಹೊತ್ತು ಆರಿಸಿಕೊಳ್ಳುವುದು ನಮ್ಮ ಊರಿನಲ್ಲಿ ಅರ್ಧ ಕೆಲಸ. ಬಿಸಿಲಿಗೆ ನಿಂತ ಬಾನೆಟ್ ಮೇಲೆ ಅಂಗೈ ಇಡಲಾಗುವುದಿಲ್ಲ. ಅಂಥ ತಗಡಿನ ಮೇಲೆ ಹನಿ ಬಿದ್ದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ, ಆಮೇಲೆ ಕುಸಿಯುತ್ತದೆ. ಹಾಗಂತ ಮಳೆ ಬರುವ ಹಾಗಿದ್ದಾಗ, ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಮಾಡಿದರೆ ಕ್ಲಿಯರ್ ಮೇಲೆ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಆಷಾಢದ ಗಾಳಿಯಲ್ಲಂತೂ ಹಸಿ ಬಣ್ಣದ ಮೇಲೆ ಅರ್ಧ ಸಂಡೂರೇ ಬಂದು ಕೂರುತ್ತದೆ. ಗಾಳಿ ತಗ್ಗಿದ, ಒಣಗಿರುವ ದಿನ ನೋಡಿ. ಮುಂಜಾನೆ ಏಳರಿಂದ ಹತ್ತು, ನೆರಳಿನಲ್ಲಿ, ಹಿಂದಿನ ರಾತ್ರಿಯಿಂದ ನಿಂತ ಕಾರು. ಮರದ ಕೆಳಗೆ ಬೇಡ, ಎಲೆ ಉದುರಿ ಬೀಳುತ್ತದೆ, ಹಕ್ಕಿ ಬೇರೆ.

ತೊಳೆದು ಒಣಗಿದ ಚಕ್ಕೆಗಳನ್ನು ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಇದನ್ನು ಬಿಡಬೇಡಿ. ಟೈರ್‌ಗೆ, ಡ್ಯಾಶ್‌ಬೋರ್ಡ್‌ಗೆ ಹಾಕುವ ಪಾಲಿಶ್‌ಗಳಲ್ಲಿ ಸಿಲಿಕೋನ್ ಇರುತ್ತದೆ. ಅದರ ಪಸೆ ಇದ್ದ ಕಡೆ ಹೊಸ ಬಣ್ಣ ನಿಲ್ಲದೆ ಸುತ್ತ ಸರಿದು ನಡುವೆ ತೂತು ಬಿಡುತ್ತದೆ. ನಮ್ಮವರು ಫಿಶ್ ಐ ಅನ್ನುವುದು ಇದಕ್ಕೇ. ಕಾರು ಮಿಂಚಲಿ ಅಂತ ಡೀಸೆಲ್ ಬಟ್ಟೆಯಲ್ಲಿ ಒರೆಸುವ ಅಭ್ಯಾಸ ನಿಮಗಿದ್ದರೆ ಇವತ್ತಿಗೇ ಬಿಟ್ಟುಬಿಡಿ. ಎಣ್ಣೆ ಪಸೆಯ ಮೇಲೆ ಯಾವ ಬಣ್ಣವೂ ಕಚ್ಚುವುದಿಲ್ಲ.

ಈಗ ಜಂಗು ಹಿಡಿದ ಒಂದು ಚಕ್ಕೆಯನ್ನು ಹತ್ತಿರದಿಂದ ನೋಡೋಣ. ಅದರ ಸುತ್ತ ನಾಲ್ಕೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಒಳ್ಳೆಯ ಬಣ್ಣಕ್ಕೆ ಗೀರು ಬೀಳದ ಹಾಗೆ. ಬ್ಲೇಡಿನ ಮೂಲೆಯಿಂದ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಸಡಿಲ ಇದ್ದಷ್ಟೂ ಬಣ್ಣ ಬರಲಿ. ಸಾಸಿವೆಯಷ್ಟಿದ್ದ ಚಕ್ಕೆ ಹೆಸರುಕಾಳಾಗುತ್ತದೆ, ಹೆದರಬೇಡಿ. ತುಕ್ಕು ಯಾವತ್ತೂ ಕಾಣುವುದಕ್ಕಿಂತ ಅಗಲ, ಬಣ್ಣದ ಅಡಿಯಲ್ಲಿ ಗೆದ್ದಲಿನ ಹಾಗೆ ಹರಿದಿರುತ್ತದೆ. ಅಂಚು ಗಟ್ಟಿಯಾಗಿ ಕಚ್ಚಿಕೊಂಡಿದೆ ಅನ್ನುವವರೆಗೆ ಎತ್ತಿ. ಈಗ ರಬ್ಬರ್ ಇರುವ ಪೆನ್ಸಿಲ್ ತೆಗೆದುಕೊಳ್ಳಿ. ಆ ರಬ್ಬರ್ ಮೂತಿಗೆ 400ರ ವಾಟರ್ ಪೇಪರ್‌ನ ಸಣ್ಣ ಬಿಲ್ಲೆ ಕತ್ತರಿಸಿ ಅಂಟಿಸಿ. ಗುಳಿಯೊಳಗೆ ಇಟ್ಟು ಬೆರಳುಗಳ ನಡುವೆ ತಿರುಗಿಸಿ. ಕಂದು ಪುಡಿ ಬರುತ್ತದೆ, ಒರೆಸಿ. ಮತ್ತೆ ತಿರುಗಿಸಿ. ನಡುವೆ ಬೆಳ್ಳಿಯ ಹಾಗೆ ತಗಡು ಮಿನುಗಲು ಶುರುವಾಗುತ್ತದೆ. ಅಲ್ಲಲ್ಲಿ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು-ಕಂದು ಚುಕ್ಕೆ ಉಳಿದೇ ಉಳಿಯುತ್ತದೆ. ತಗಡಿನ ಸಣ್ಣ ರಂಧ್ರದೊಳಗೆ ಹೋಗಿರುವ ಜಂಗು ಅದು. ಪೇಪರ್‌ಗೆ ಅದು ಸಿಗುವುದಿಲ್ಲ.

ಅದಕ್ಕೇ ರಸ್ಟ್ ಕನ್ವರ್ಟರ್. ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಹನಿ ಇಡಿ. ಸ್ವಲ್ಪ ಹೊತ್ತಿಗೆ ಕಂದು ಇದ್ದದ್ದು ಕಪ್ಪಾಗುತ್ತದೆ. ಈ ದ್ರವಗಳಲ್ಲಿ ಫಾಸ್ಫಾರಿಕ್ ಆಮ್ಲ ಇಲ್ಲವೇ ಟ್ಯಾನಿಕ್ ಆಮ್ಲ ಇರುತ್ತದೆ, ಕೆಲವದರಲ್ಲಿ ಎರಡೂ. ಟ್ಯಾನಿನ್ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುವುದು ನಮಗೆ ಹೊಸದಲ್ಲ. ಕುಷ್ಟಗಿ ಕಡೆಯ ದಾಳಿಂಬೆಯನ್ನು ಕಬ್ಬಿಣದ ಚಾಕುವಿನಿಂದ ಕೊಯ್ದರೆ ಸಿಪ್ಪೆಯ ರಸ ತಾಗಿ ಚಾಕು ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿ, ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಆ ಕರಿ ಪದರ ತುಕ್ಕಿನಷ್ಟು ಚುರುಕಲ್ಲ, ಸುಮ್ಮನೆ ಕೂರುತ್ತದೆ. ಬಾಟಲಿಯ ಮೇಲೆ ಎಷ್ಟು ಹೊತ್ತು ಬಿಡಲು ಬರೆದಿದೆಯೋ ಅಷ್ಟು ಬಿಡಿ. ಅಂಚು ಮೀರಿ ಹರಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ತೊಳೆಯಲು ಹೇಳಿದ್ದರೆ ತೊಳೆಯಿರಿ, ಆಮ್ಲದ ಪಸೆ ಉಳಿದರೆ ಪ್ರೈಮರ್ ಕಚ್ಚುವುದಿಲ್ಲ. ಪೂರ್ತಿ ಒಣಗಿದ ಮೇಲೆ ಪ್ರೈಮರ್‌ನ ಒಂದು ತೆಳು ಹನಿ. ತಗಡು ಮುಚ್ಚಿದರೆ ಸಾಕು, ಗುಳಿ ತುಂಬಬಾರದು.

ಜಂಗು ಇಲ್ಲದ ಚಕ್ಕೆಗಳಲ್ಲಿ ಉಗುರು ಆಡಿಸಿ ನೋಡಿ. ಉಗುರು ಸಿಕ್ಕದೆ ಜಾರಿದರೆ ಮೇಲಿನ ಕ್ಲಿಯರ್ ಮಾತ್ರ ಹೋಗಿದೆ, ಕ್ಲಿಯರ್ ಒಂದೇ ಸಾಕು. ಉಗುರು ಸಿಕ್ಕಿ ಒಳಗೆ ಬೂದು ಬಣ್ಣ ಮಂಕಾಗಿ ಕಂಡರೆ ಪ್ರೈಮರ್ ಇನ್ನೂ ಇದೆ, ನೇರ ಬಣ್ಣ ಹಾಕಿ. ಲೋಹ ಹೊಳೆದರೆ ಮಾತ್ರ ಹೊಸ ಪ್ರೈಮರ್. ಸಿಲ್ವರ್ ಕಾರಿನಲ್ಲಿ ಇದು ಸ್ವಲ್ಪ ಮೋಸ ಮಾಡುತ್ತದೆ, ಬಣ್ಣವೂ ಲೋಹದ ಹಾಗೇ ಹೊಳೆಯುತ್ತದಲ್ಲ. ಟಾರ್ಚ್ ಹಾಕಿ ನೋಡಿ.

ಬಣ್ಣ ಹಾಕುವಾಗ ಬಾಟಲಿಯನ್ನು ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ. ಸಿಲ್ವರ್‌ನಲ್ಲಿ ಅಲ್ಯೂಮಿನಿಯಂನ ಸಣ್ಣ ಹಾಳೆಗಳು ತಳಕ್ಕೆ ಕೂತಿರುತ್ತವೆ. ಮೊದಲು ಹಳೇ ವಿಸಿಟಿಂಗ್ ಕಾರ್ಡಿನ ಮೇಲೆ ಹಚ್ಚಿ, ಒಣಗಿಸಿ, ಬಾನೆಟ್ ಪಕ್ಕ ಹಿಡಿದು ನೋಡಿ. ಹಸಿ ಇದ್ದಾಗ ಕಾಣುವ ಬಣ್ಣ ನಂಬಬೇಡಿ.

ಮುಚ್ಚಳದ ಬ್ರಶ್ ಇಷ್ಟು ಸಣ್ಣ ಚಕ್ಕೆಗೆ ಪೊರಕೆ ಇದ್ದ ಹಾಗೆ. ಹಲ್ಲುಕಡ್ಡಿಯೇ ವಾಸಿ. ತುದಿಯನ್ನು ಬಣ್ಣದಲ್ಲಿ ಅದ್ದಿ, ಗುಳಿಯ ನಡುವೆ ಮುಟ್ಟಿಸಿ, ಎತ್ತಿಬಿಡಿ. ಎಳೆಯಬೇಡಿ, ಬಳಿಯಬೇಡಿ. ರಂಗೋಲಿ ಚುಕ್ಕೆ ಇಡುವ ಹಾಗೆ. ಬಣ್ಣ ತಾನೇ ಅಂಚಿನವರೆಗೆ ಹರಿದು ನಿಲ್ಲುತ್ತದೆ. ಎಲ್ಲರೂ ತಪ್ಪುವುದು ಇಲ್ಲೇ: ಒಂದೇ ಸಲಕ್ಕೆ ಗುಳಿ ತುಂಬಿಸಿಬಿಡುತ್ತಾರೆ. ಬಣ್ಣದಲ್ಲಿ ಬಹುಪಾಲು ಥಿನ್ನರ್, ಅದು ಹಾರಿ ಹೋದ ಮೇಲೆ ಹನಿ ಕುಗ್ಗುತ್ತದೆ. ದಪ್ಪ ಹನಿಯಾದರೆ ಒಳಗೆ ವಾರಗಟ್ಟಲೆ ಹಸಿಯೇ. ತೆಳ್ಳಗೆ ಒಂದು ಹನಿ, ಮುಕ್ಕಾಲು ಗಂಟೆ ಬಿಡಿ, ಇನ್ನೊಂದು. ಮೂರೋ ನಾಲ್ಕೋ ಸಲ. 14 ಚಕ್ಕೆ ಇರುವುದರಿಂದ ಕೊನೆಯದಕ್ಕೆ ಹನಿ ಇಟ್ಟು, ಚಹಾ ಕುಡಿದು, ಒಗ್ಗರಣೆ ಮಂಡಕ್ಕಿ ತಿಂದು ಬರುವಷ್ಟರಲ್ಲಿ ಮೊದಲನೆಯದು ತಯಾರಿರುತ್ತದೆ. ಬಣ್ಣ ಸುತ್ತಲಿನ ಮಟ್ಟಕ್ಕಿಂತ ಒಂಚೂರು ಕೆಳಗೇ ನಿಲ್ಲಲಿ, ಕ್ಲಿಯರ್‌ಗೆ ಜಾಗ ಬೇಕು.

ಹೀಗೆ ಹನಿ ಇಟ್ಟ ಸಿಲ್ವರ್ ಸುತ್ತಲಿನದಕ್ಕಿಂತ ಸ್ವಲ್ಪ ಕಪ್ಪಗೆ ಕಾಣುತ್ತದೆ. ಬಣ್ಣ ತಪ್ಪು ಕೊಟ್ಟರು ಅಂತ ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ. ಸ್ಪ್ರೇ ಗನ್ನಿನಲ್ಲಿ ಹೊಡೆದಾಗ ಆ ಅಲ್ಯೂಮಿನಿಯಂ ಹಾಳೆಗಳು ಹಾಸಿದ ಚಾಪೆಯ ಹಾಗೆ ಮಟ್ಟಸವಾಗಿ ಮಲಗಿ ಬೆಳಕು ವಾಪಸ್ ಕೊಡುತ್ತವೆ. ಹನಿಯಲ್ಲಿ ಅವು ಅಡ್ಡಾದಿಡ್ಡಿ ನಿಂತಿರುತ್ತವೆ. ನನಗೂ ಅದನ್ನು ಪೂರ್ತಿ ತಪ್ಪಿಸಲು ಬರುವುದಿಲ್ಲ. ನಿಮ್ಮದು ಸಾದಾ ಬಿಳಿ ಆಗಿದ್ದರೆ ಪುಣ್ಯವಂತರು ಅನ್ನುತ್ತಿದ್ದೆ.

ಒಂದು ರಾತ್ರಿ ಬಿಟ್ಟು ಮರುದಿನ ಕ್ಲಿಯರ್, ಇದೇ ಥರ ಎರಡು ಹನಿ. ಕೊನೆಯ ಹನಿ ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಎದ್ದು ನಿಲ್ಲಲಿ. ಆಮೇಲೆ ಒಂದು ವಾರ ಪ್ರೆಶರ್ ವಾಶ್ ಬೇಡ, ಉಜ್ಜುವುದೂ ಬೇಡ.

ವಾರದ ನಂತರ ನಿಮ್ಮ ಮುಂದೆ ಎರಡು ದಾರಿ. ಎದ್ದ ಬೊಟ್ಟನ್ನು ಹಾಗೇ ಬಿಡುವುದು ಒಂದು. ಉಜ್ಜಿ ಮಟ್ಟ ಮಾಡುವುದು ಇನ್ನೊಂದು. ಮೊದಲ ಸಲ ಮಾಡುವವರಿಗೆ ನಾನು ಹಾಗೇ ಬಿಡಿ ಅನ್ನುತ್ತೇನೆ. ಯಾಕೆಂದರೆ ಕ್ಲಿಯರ್ ಕೋಟ್ ಇರುವುದೇ 40-50 ಮೈಕ್ರಾನ್. ನೀವು ಬೊಟ್ಟನ್ನು ಉಜ್ಜುತ್ತಿದ್ದೇನೆ ಅಂದುಕೊಂಡಿರುತ್ತೀರಿ, ಪೇಪರ್ ಪಕ್ಕದ ಒಳ್ಳೆ ಕ್ಲಿಯರ್ ತಿನ್ನುತ್ತಿರುತ್ತದೆ. ಅದು ತೂತಾದರೆ ಮತ್ತೆ ಕೈಯಲ್ಲಿ ಸರಿ ಮಾಡಲಾಗುವುದಿಲ್ಲ, ಆಗ ಗ್ಯಾರೇಜಿನವರು ಹೇಳಿದ ಇಡೀ ಬಾನೆಟ್ಟೇ ಗತಿ. ಕೈ ತಡೆಯುವುದಿಲ್ಲ ಅಂದರೆ ಕಣ್ಣಿಗೆ ಹೊಡೆಯುವ ಒಂದೆರಡನ್ನು ಮಾತ್ರ ಮಾಡಿ. 2000ರ ಪೇಪರ್ ಅರ್ಧ ಗಂಟೆ ನೀರಲ್ಲಿ ನೆನೆಸಿ, ಪೆನ್ಸಿಲ್ ರಬ್ಬರ್‌ಗೇ ಬಿಲ್ಲೆ ಅಂಟಿಸಿ, ಸೋಪ್ ನೀರು ಹಾಕಿಕೊಂಡು, ಬೊಟ್ಟಿನ ನೆತ್ತಿಯ ಮೇಲೆ ಮಾತ್ರ ಆಡಿಸಿ. ಐದಾರು ಸಲಕ್ಕೊಮ್ಮೆ ಒರೆಸಿ ನೋಡಿ. ಬೊಟ್ಟು ಮಂಕಾಗಿ, ಸುತ್ತ ಇನ್ನೂ ಹೊಳಪಿದ್ದರೆ ಸರಿಯಾದ ಜಾಗದಲ್ಲಿದ್ದೀರಿ. ಸುತ್ತಲೂ ಮಂಕಾಗಲು ಶುರುವಾದ ಕೂಡಲೇ ನಿಲ್ಲಿಸಿ. ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಕಾಂಪೌಂಡ್ ಹಾಕಿ ಕೈಯಲ್ಲೇ ಉಜ್ಜಿದರೆ ಹೊಳಪು ವಾಪಸ್ ಬರುತ್ತದೆ.

ಬಂಪರ್ ವಿಷಯ ಚಿಕ್ಕದು. ಅದು ಪ್ಲಾಸ್ಟಿಕ್, ಜಂಗು ಹಿಡಿಯುವುದಿಲ್ಲ. ಅಲ್ಲಿ ಕೆಂಪು ಕಂಡರೆ ನೂರಕ್ಕೆ ನೂರು ಅದಿರಿನ ಧೂಳೋ, ಹಾರಿ ಬಂದ ಕಣವೋ. ಬರೀ ಪ್ಲಾಸ್ಟಿಕ್ ಕಾಣುತ್ತಿದ್ದರೆ ಬಣ್ಣಕ್ಕೆ ಮೊದಲು ಪ್ಲಾಸ್ಟಿಕ್ ಪ್ರೈಮರ್ ಒಂದು ಹನಿ, ಇಲ್ಲದಿದ್ದರೆ ಸಿಪ್ಪೆ ಸುಲಿದ ಹಾಗೆ ಎದ್ದು ಬರುತ್ತದೆ. ಬೇಸರವಾದರೆ ಹಾಗೇ ಬಿಡಿ, ನಷ್ಟವಿಲ್ಲ.

ನೇಲ್ ಪಾಲಿಶ್, ಮನೆಯ ಗೇಟಿಗೆ ಹಚ್ಚಿದ ಇನಾಮೆಲ್, ಫೆವಿಕ್ವಿಕ್, ಎಂಸೀಲ್ ಇವನ್ನು ಹಾಕಿಕೊಂಡು ಬಂದವರನ್ನು ಕಂಡಿದ್ದೇನೆ. ನೇಲ್ ಪಾಲಿಶ್ ತುರ್ತಿಗೆ ನೀರು ತಡೆಯಬಹುದು, ನಮ್ಮ ಬಿಸಿಲಿಗೆ ಬೇಗ ಬಿರುಕು ಬಿಡುತ್ತದೆ. ಆಮೇಲೆ ಅದನ್ನು ಕೀಳುವ ಕೆಲಸ ನನ್ನದು. ಟೂತ್‌ಪೇಸ್ಟ್ ತಿಕ್ಕಿದರೆ ಚಕ್ಕೆ ತುಂಬುತ್ತದೆ ಅನ್ನುವ ವಿಡಿಯೋ ನೋಡಿದ್ದರೆ ಮರೆತುಬಿಡಿ. ಗುಳಿಯಲ್ಲಿ ಪೇಸ್ಟ್ ತುಂಬುತ್ತದೆ ನಿಜ, ಮುಂದಿನ ಸಲ ತೊಳೆಯುವವರೆಗೆ.

ಮತ್ತೆ ಚಕ್ಕೆ ಏಳದಿರಲಿ ಅಂದರೆ ಲಾರಿಯಿಂದ ದೂರ ಇರುವುದೊಂದೇ ಗಟ್ಟಿ ಉಪಾಯ. ಲಾರಿಯಿಂದ ಉದುರಿದ ಹರಳು ರಸ್ತೆಗೆ ಬಡಿದು ಪುಟಿದು ಗಾಳಿಯಲ್ಲಿ ಇರುತ್ತದೆ, ಅದಕ್ಕೆ ಹೋಗಿ ಗುದ್ದುವುದು ಬಹುತೇಕ ನಿಮ್ಮ ಕಾರೇ. ಪೆಟ್ಟಿನ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ 60ರಲ್ಲಿ ಹೋಗುತ್ತಿದ್ದವರು 80ಕ್ಕೆ ಏರಿಸಿದರೆ ಪೆಟ್ಟು ಹೆಚ್ಚುಕಡಿಮೆ 1.8 ಪಟ್ಟು. ಕುಡುತಿನಿ ದಾಟಿದ ಮೇಲೆ ಸಾಲು ಲಾರಿ ಸಿಕ್ಕರೆ, ಓವರ್‌ಟೇಕ್ ಮಾಡುವವರೆಗೂ ಅದರ ಬಾಲಕ್ಕೆ ಅಂಟಿಕೊಂಡು ಹೋಗಬೇಡಿ. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಕಲ್ಲು ತಡೆಯುತ್ತದೆ ಅಂತ ಯಾರಾದರೂ ಹೇಳಿದರೆ ನಗುತ್ತಾ ಎದ್ದು ಬನ್ನಿ. ಅದು ಕೆಲವೇ ಮೈಕ್ರಾನ್ ದಪ್ಪ. ಧೂಳು ಸಲೀಸಾಗಿ ತೊಳೆದು ಹೋಗಲು ಒಳ್ಳೆಯದು, ಕಲ್ಲಿಗೆ ಅಲ್ಲ. ಕಲ್ಲಿಗೆ ಪಿಪಿಎಫ್ ಅನ್ನುವ ದಪ್ಪ ಪಾರದರ್ಶಕ ಹಾಳೆ ಇದೆ, 150ರಿಂದ 200 ಮೈಕ್ರಾನ್. ಇಡೀ ಕಾರಿಗೆ ದುಬಾರಿ. ನಿಮ್ಮಂತೆ ದಿನಾ ಆ ರಸ್ತೆಯಲ್ಲಿ ಓಡಾಡುವವರು ಬಾನೆಟ್‌ನ ಮುಂದಿನ ಒಂದೂವರೆ ಅಡಿಗೆ ಮಾತ್ರ ಹಾಕಿಸಿದರೆ ದುಡ್ಡು ದಂಡವಲ್ಲ. ಆದರೆ ಹೊಸದಾಗಿ ಹನಿ ಇಟ್ಟ ಬಣ್ಣದ ಮೇಲೆ ತಕ್ಷಣ ಬೇಡ, ಒಂದು ತಿಂಗಳು ಒಣಗಲಿ. ವ್ಯಾಕ್ಸ್‌ಗೂ ಅದೇ ಲೆಕ್ಕ.

ಆಯುಧ ಪೂಜೆಯ ಲೆಕ್ಕವೂ ಅದರಲ್ಲೇ ಬಂತು. ಈ ತಿಂಗಳೊಳಗೆ ಕೆಲಸ ಮುಗಿಸಿದರೆ ಹಬ್ಬದ ಹೊತ್ತಿಗೆ ಬಣ್ಣ ಗಟ್ಟಿಯಾಗಿರುತ್ತದೆ. ವಿಭೂತಿ, ಕುಂಕುಮ ಹಚ್ಚುವುದಾದರೆ ಬಾನೆಟ್‌ನ ಹಿಂಭಾಗಕ್ಕೆ, ಗಾಜಿನ ಹತ್ತಿರ ಹಚ್ಚಿ. ಹನಿ ಇಟ್ಟ ಜಾಗದ ಮೇಲೆ ಬೇಡ. ಹೂವಿನ ಹಾರಕ್ಕೆ ಸೆಲ್ಲೋಟೇಪ್ ಹಚ್ಚುವವರಿದ್ದರೆ ಕೈ ಹಿಡಿಯಿರಿ, ಬಿಸಿಲಿಗೆ ಅಂಟು ಕರಗಿ ಕೂತ ಟೇಪ್ ಎಳೆದರೆ ಹೊಸ ಬಣ್ಣವೂ ಜೊತೆಗೇ ಬರುತ್ತದೆ. ಮರುದಿನವೇ ಎಲ್ಲ ತೊಳೆದುಬಿಡಿ.

ಜಂಗು ತೆಗೆದ ಆ ಎರಡು-ಮೂರು ಚಕ್ಕೆಗಳ ಫೋಟೋವನ್ನು ಕೆಲಸ ಮುಗಿದ ದಿನವೇ ತೆಗೆದಿಡಿ. ದೀಪಾವಳಿ ಹೊತ್ತಿಗೆ, ಹಿಂಗಾರು ಮಳೆ ಕಂಡ ಮೇಲೆ, ಮತ್ತೆ ಅದೇ ಜಾಗದ ಮೇಲೆ ಬೆರಳಾಡಿಸಿ. ನುಣುಪಾಗಿದ್ದರೆ ಆಯಿತು. ಬಣ್ಣ ಉಬ್ಬಿದ್ದರೆ ಒಳಗೆ ಜಂಗು ಉಳಿದಿದೆ ಅಂತ ಅರ್ಥ, ಆ ಒಂದು ಚಕ್ಕೆಯನ್ನು ಮಾತ್ರ ಬ್ಲೇಡಿನಿಂದ ಮತ್ತೆ ತೆರೆದು ಮೊದಲಿನಿಂದ ಮಾಡಿ. ಬಾಟಲಿಗಳ ಮುಚ್ಚಳ ಬಿಗಿಯಾಗಿ ಮುಚ್ಚಿ ನೆರಳಿನಲ್ಲಿ ಇಟ್ಟುಕೊಂಡಿರಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅಲ್ಲ.